ಪಟ್ಟಿ ಗುರುತಿಲ್ಲದ ಬೆನ್ನು

ಉತ್ತರ ಐಸ್‌ಲ್ಯಾಂಡಿನ ಆ ಬಂದರೂರಿನ ಈಜುಕೊಳದಲ್ಲಿ, ಹೆಂಗಸರ ಬಚ್ಚಲುಮನೆಗೆ ಇಪ್ಪತ್ತೇಳು ವರ್ಷದಿಂದ ಆಲ್ಡೀಸಳದೇ ದರ್ಬಾರು. ಬಟ್ಟೆ ಬಿಚ್ಚಿ, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ತೊಳೆಯದೆ ಯಾರೂ ಕೊಳಕ್ಕೆ ಇಳಿಯುವಂತಿಲ್ಲ. ಒಮ್ಮೆ ಮಂತ್ರಿಯ ಹೆಂಡತಿಯನ್ನೇ ವಾಪಸ್ ಕಳಿಸಿದ್ದಳು. "ಬಚ್ಚಲು ಕಾಯೋಳು" ಅಂತ ಮೂಗು ಮುರಿಯೋರಿಗೆ ಏನು ಗೊತ್ತು ಮಣ್ಣು! ಊರಿನ ಬೆನ್ನುಗಳೆಲ್ಲ ಅವಳಿಗೆ ಮುಖದಷ್ಟೇ ಪರಿಚಯ.

ಬಾಲ್ಯದ ಗೆಳತಿ ಉನಾ ರಜೆಗೆ ಟೆನೆರಿಫೆ ದ್ವೀಪಕ್ಕೆ ಹೋಗಿ ಬಂದಾಗ ಕತ್ತು, ಹೆಗಲು, ಮೇಲುಬೆನ್ನೆಲ್ಲ ಶಾಲು ಹೊದ್ದ ಹಾಗೆ ಕೆಂಪು. "ಬಿಸಿಲು ಕಣೇ" ಅಂದಳು. ಊರಿನ ಡಾಕ್ಟರೂ ಅದನ್ನೇ ಹೇಳಿ ಮುಲಾಮು ಕೊಟ್ಟರು. ಬಿಸಿಲಾದರೆ ಈಜುಡುಪಿನ ಪಟ್ಟಿ ಕೂತ ಕಡೆ ಬಿಳಿ ಗೆರೆ ಇರಬೇಕಲ್ಲ? ಅದು ಇರಲಿಲ್ಲ. ಎರಡು ತಿಂಗಳಾದರೂ ಕೆಂಪು ಇಳಿಯಲಿಲ್ಲ. ಆಲ್ಡೀಸಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಉನಾ ತಲೆ ತೊಳೆಯದೆ ನುಸುಳಲು ನೋಡಿದಳು. ಆಲ್ಡೀಸ್ ಬಾಗಿಲಿಗೆ ಅಡ್ಡ ನಿಂತಳು.

"ತಲೆಗೆ ಸೋಪು ಹಚ್ಚು."

"ಹಚ್ಚಿದೀನಲ್ಲ!"

"ಯಾರ ಹತ್ರ ಸುಳ್ಳು ಹೇಳ್ತೀಯ? ಕೈ ಎತ್ತು, ನೋಡೋಣ."

ಉನಾಳ ಕೈ ಹೆಗಲ ಮಟ್ಟಕ್ಕೆ ಬಂದು, ನಡುಗಿ, ಕೆಳಗೆ ಬಿತ್ತು. ಅವಮಾನಕ್ಕೆ ಅಳು ಬಂತು. "ನಿನ್ನ ಕೆಲಸ ಸೋಪು ನೋಡೋದು ಕಣೇ, ಡಾಕ್ಟರಿಕೆ ಅಲ್ಲ!" ಎಂದು ಎಲ್ಲರೆದುರು ಕೂಗಾಡಿದಳು.

"ಬಯ್ಯಿ, ಬಾಯಿ ನೋಯೋವರೆಗೂ ಬಯ್ಯಿ. ಸ್ನೇಹ ಹೋದ್ರೆ ಹೋಗ್ಲಿ, ನೀನು ಉಳೀಬೇಕು. ಬಟ್ಟೆ ಹಾಕ್ಕೊಂಡು ನಡಿ ಕಾರಿಗೆ."

ಕಾರು ಪಕ್ಕದ ಪಟ್ಟಣಕ್ಕೆ ಓಡಿತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬೆನ್ನು ನೋಡಿ, ಕೈಕಾಲು ಪರೀಕ್ಷಿಸಿ, ಸೀದಾ ಹೊಟ್ಟೆಯ ಸ್ಕ್ಯಾನಿಂಗಿಗೆ ಕಳಿಸಿದರು. ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆ. ಅದರ ಮೇಲೆ ಯುದ್ಧಕ್ಕೆ ಹೊರಟ ಮೈ, ದಾರಿ ತಪ್ಪಿ ತನ್ನದೇ ಚರ್ಮಕ್ಕೂ ಸ್ನಾಯುಗಳಿಗೂ ಹೊಡೆಯುತ್ತಿತ್ತಂತೆ. ಪುಣ್ಯಕ್ಕೆ ಗಡ್ಡೆ ಇನ್ನೂ ಹರಡಿರಲಿಲ್ಲ, ಪೂರ್ತಿ ತೆಗೆದರು.

ಆಪರೇಷನ್ನಾದ ನಾಲ್ಕನೇ ದಿನ ಡಾಕ್ಟರಮ್ಮ ಆರು ಜನ ವೈದ್ಯ ವಿದ್ಯಾರ್ಥಿಗಳನ್ನು ಉನಾಳ ಹಾಸಿಗೆ ಬಳಿ ಕರೆತಂದು, ಪಕ್ಕದಲ್ಲಿ ಕೂತಿದ್ದ ಆಲ್ಡೀಸಳನ್ನು ತೋರಿಸಿ, "ನಾನಲ್ಲ, ಮೊದಲು ಕಂಡುಹಿಡಿದವರು ಇವರು. ಇವರೇ ಹೇಳ್ತಾರೆ, ಕೇಳಿ" ಎಂದರು.

ಹದಿನೈದಕ್ಕೇ ಶಾಲೆ ಬಿಟ್ಟ ಆಲ್ಡೀಸ್ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಎದೆ ಸೆಟೆಸಿ, ಗೆಳತಿಯ ಬೆನ್ನಿನ ಮೇಲೆ ಬೆರಳಿಟ್ಟು ಒಂದೊಂದಾಗಿ ತೋರಿಸತೊಡಗಿದಳು. ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ಪೆನ್ನು ಜೇಬಲ್ಲೇ ಇಟ್ಟುಕೊಂಡು ಸುಮ್ಮನೆ ತಲೆಯಾಡಿಸುತ್ತ ನಿಂತಿದ್ದಳು.

ಮಗ್ಗುಲಾಗಿ ಮಲಗಿದ್ದ ಉನಾ ಕತ್ತು ಹೊರಳಿಸಿ ಅವಳನ್ನು ಗದರಿದಳು: "ಏಯ್, ಬರ್ಕೋ! ನನ್ನ ಗೆಳತಿ ಪಾಠ ಮಾಡ್ತಿದಾಳೆ."