ಮಲ್ಲಪ್ಪನ ಕಾಲುಪಟ್ಟಿ

ನಮ್ಮ ಡ್ರಿಲ್ ಮೇಷ್ಟ್ರು ಮಲ್ಲಪ್ಪನ ಬರಿಗಾಲನ್ನು ಕಂಡವನು ಅರಕಲಗೂಡಿನಲ್ಲಿ ನಾನೊಬ್ಬನೇ. ಪಾದದಿಂದ ಮಂಡಿಯವರೆಗೆ ಖಾಕಿ ಪಟ್ಟಿ ಬಿಗಿಯದೆ ಅವನು ಬೀದಿಗಿಳಿಯುತ್ತಿರಲಿಲ್ಲ. ಸೊಪ್ಪು ತರುವುದಕ್ಕೂ ಅದೇ ವೇಷ. ಅವನೊಡನೆ ಬಾಡಿಗೆ ಕೋಣೆ ಹಂಚಿಕೊಂಡಿದ್ದ ನಾನು ಅದೇ ಶಾಲೆಯ ಕನ್ನಡ ಪಂಡಿತ, ಸೋಮಾರಿ. "ಏಳಿ ಪಂಡಿತ್ರೇ, ಒತ್ತು ನೆತ್ತಿಗ್ ಬಂದದೆ" ಎಂದು ಬೆಳಕು ಹರಿಯುವ ಮೊದಲೇ ಕಂಬಳಿ ಎಳೆಯುತ್ತಿದ್ದ.

ಹುಡುಗರನ್ನು ಅವನು ಹೊಡೆದದ್ದಿಲ್ಲ. ಕವಾಯತಿನಲ್ಲಿ ಯಾರಾದರೂ ಹೆಜ್ಜೆ ತಪ್ಪಿದರೆ ಹುಬ್ಬೇರಿಸಿ ಆ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದ. ಅಷ್ಟಕ್ಕೇ ಹುಡುಗ ನಾಚಿ ಹೆಜ್ಜೆ ಸರಿಮಾಡಿಕೊಳ್ಳುತ್ತಿದ್ದ.

ಯುದ್ಧದ ಕಾಲ. ಅವನಿಗೆ ಮಂಡಿನೋವು ಶುರುವಾಯಿತು, ಸಂಜೆಯಾದರೆ ಜ್ವರ. ಒಂದು ದಿನ ಪಟ್ಟಿ ಬಿಚ್ಚಿದಾಗ ಮೀನಖಂಡದ ತುಂಬ ನೇರಳೆ ಬಣ್ಣದ ಕಲೆಗಳು.

"ಪಟ್ಟಿ ಬಿಗಿಯಾಗಿ ರಕ್ತ ಕಟ್ಕಂಡದೆ, ಅಷ್ಟೆಯ" ಎಂದ.

ಕೆಲವು ದಿನ ಪಟ್ಟಿ ಸಡಿಲಿಸಿದ. ಕಲೆಗಳು ಪಟ್ಟಿಯೇ ತಾಗದ ತೊಡೆಗೂ ಹತ್ತಿದವು. ನನಗೆ ಭಯವಾಯಿತು. ಹಾಸನದ ಆಸ್ಪತ್ರೆಗೆ ಹೋಗೋಣವೆಂದು ಕಾಡಿದೆ.

"ಮಾರಾಜರ ವರ್ಧಂತಿ ಮೆರವಣ್ಗೆ ಮುಗೀಲಿ, ಬತ್ತೀನಿ. ಐಕಳ್ನ ಅರ್ಧಕ್ಕೆ ಬುಟ್ಟು ಎಂಗ್ ಬರ್ಲಿ?" ಎಂದವನು, ಕಲೆಗಳು ಯಾರಿಗೂ ಕಾಣದಂತೆ ಮತ್ತೆ ಪಟ್ಟಿ ಬಿಗಿದ.

ವರ್ಧಂತಿಯ ಮುನ್ನಾದಿನ ಮೈದಾನದಲ್ಲಿ "ತಲೆ ಸಿಡೀತದೆ ಪಂಡಿತ್ರೇ" ಎಂದು ಕುಳಿತ. ವಾಂತಿಯಾಯಿತು, ಮಾತು ನಿಂತಿತು. ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಹಾಸನದ ಬಸ್ಸು ಏರು ಸಿಕ್ಕಲ್ಲೆಲ್ಲ ನಿಂತು ಉಸಿರೆಳೆದುಕೊಳ್ಳುತ್ತಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಡ ದೇವರನ್ನೆಲ್ಲ ಬೈದೆ.

ಹಾಸನದ ಡಾಕ್ಟರು ಪಟ್ಟಿ ಬಿಚ್ಚಿಸಿ ನೋಡಿದರು. "ಮೈಯಲ್ಲೆಲ್ಲ ರಕ್ತನಾಳಗಳಿಗೆ ಬಾವು ಬಂದಿದೆ. ಕಲೆ, ಜ್ವರ, ಮಂಡಿನೋವು ಎಲ್ಲಾ ಅದರದೇ. ಇದರಲ್ಲಿ ಮಿದುಳಿನ ನಾಳ ಒಡೆಯೋದು ಅಪರೂಪ. ಇವರಿಗೆ ಒಡೆದುಬಿಟ್ಟಿದೆ."

"ಮೊದಲೇ ಕರಕೊಂಡು ಬಂದಿದ್ದರೆ?"

"ಆಗಲೂ ನನ್ನ ಹತ್ತಿರ ಇದಕ್ಕೆ ಔಷಧಿ ಇರಲಿಲ್ಲ."

ಅವರು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಡಗಾಲು ಎತ್ತಿ ಎಂದರು, ಮಲ್ಲಪ್ಪ ಎತ್ತಿದ. ಬಲಗಾಲು ಎಂದರು. ಅದು ಕದಲಲಿಲ್ಲ. ಅವನು ಹುಬ್ಬೇರಿಸಿ ತನ್ನ ಕಾಲನ್ನೇ ನೋಡಿದ, ಬಹಳ ಹೊತ್ತು ನೋಡಿದ.

ಮರುದಿನ ಹಿರೀಸಾವೆಯಿಂದ ಅವನ ತಾಯಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆ ಹೊದಿಕೆ ಸರಿಸಿ, ಮಗನ ಕಾಲುಗಳನ್ನು ಸವರಿ, ನನ್ನ ಕಡೆ ತಿರುಗಿದಳು.

"ಯಾರಪ್ಪ ಇಂಗೆ ಬಡ್ದೋರು ನನ್ ಮಗನ್ನ?"