ಬೈಸಿಕೊಳ್ಳುವವರ ಪಕ್ಕದ ಅರುಳಪ್ಪ

ಭದ್ರಾವತಿಯ ನಮ್ಮ ವಠಾರದಲ್ಲಿ ಯಾರ ಮೇಲೆ ತಪ್ಪು ಹೊರಿಸಿದರೂ ಪಕ್ಕದ ಮನೆಯ ಅರುಳಪ್ಪ ಬರಿಗಾಲಲ್ಲೇ ಓಡಿ ಬಂದು ಬೈಸಿಕೊಳ್ಳುವವರ ಪಕ್ಕ ನಿಲ್ಲುತ್ತಾನೆ. "ಕಣ್ಣಾರೆ ಕಂಡೋರು ಯಾರ್ರಪ್ಪ?" ಅದೊಂದೇ ಮಾತು. ಮೀಸೆಗೆ ಹಾಲು ಅಂಟಿದ್ದರೂ ಬೆಕ್ಕಿನ ಪರವೇ. "ನೀನು ಲಾಯರ್ ಆಗ್ಬೇಕಿತ್ತು ಮಾರಾಯ" ಎಂದು ರೇಗಿಸಿದ್ದೇನೆ. ಮೊನ್ನೆ ನಮ್ಮ ಚೌಡಮ್ಮ ದೇವಿಯ ಮೆರವಣಿಗೆಗೆ ಯಾರೋ ಕಲ್ಲೆಸೆದರು. ದರ್ಜಿ ಖಾಸಿಮನ ಮಗನೇ ಎಸೆದದ್ದು, ಅವರ ಮನೆ ಖಾಲಿ ಮಾಡಿಸಿ ಎಂದು ವಠಾರವೆಲ್ಲ ಕೂಗಿತು, ನಾನೂ ಕೂಗಿದೆ. ಅರುಳಪ್ಪ ಮಾತ್ರ ಖಾಸಿಮನ ಹೊಸ್ತಿಲಲ್ಲಿ ಕುಳಿತುಬಿಟ್ಟ. ಗುಡ್ ಫ್ರೈಡೆಗೆ ಅವನ ಹೆಂಡತಿ ಕರೆದಳೆಂದು ಚರ್ಚಿಗೆ ಹೋದೆ. ಯೇಸುವನ್ನು ಕೊಂದ ಕಥೆ ಓದುತ್ತಿದ್ದರು. ಕಥೆಯಲ್ಲಿ ಗುಂಪು ಕೂಗುವ ಮಾತು ಬಂದಾಗ ಚರ್ಚಿನಲ್ಲಿ ಕೂಡಿದ್ದ ಜನರೇ "ಅವನನ್ನು ಶಿಲುಬೆಗೆ ಹಾಕಿ!" ಎಂದರು. ಎಲ್ಲರಿಗಿಂತ ದೊಡ್ಡ ದನಿ ಅರುಳಪ್ಪನದು. "ನಿಮ್ಮ ದೇವರಿಗೇ ಹಿಂಗಂತೀಯಲ್ಲೋ?" ಎಂದು ಹೊರಗೆ ಕೇಳಿದೆ. "ಆ ಗುಂಪಲ್ಲಿ ನಾನೂ ಒಬ್ಬ ಅಂತ ಒಪ್ಕೊಳ್ಳೋದು ಅಕ್ಕ" ಎಂದ. ನಮ್ಮ ಚೌಡಮ್ಮ ರಾಕ್ಷಸನನ್ನು ಮೆಟ್ಟಿ ನಿಂತವಳು. ಜನರ ಕೈಯಲ್ಲಿ ಸತ್ತವನು ಹೇಗೆ ದೇವರಾದನೋ ನನಗೆ ಹೊಳೆಯಲಿಲ್ಲ. ಮರುದಿನ ವಠಾರದ ಮಾಲೀಕ ಬಂದು, "ಖಾಸಿಮ್‌ನ ಮನೆ ಖಾಲಿ ಮಾಡಿಸಿ ಅಂತ ನೀವೂ ಅಂದ್ರಲ್ವಾ ಅಜ್ಜಿ?" ಎಂದ. ಖಾಸಿಮನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. "ಅಂದಿದ್ದೆ. ಈಗ ಇರ್ಲಿ ಬಿಡಪ್ಪ ಅವ್ರು" ಎಂದುಬಿಟ್ಟೆ. ಯಾಕೆ ಹಾಗೆಂದೆನೋ, ನನಗಿನ್ನೂ ತಿಳಿದಿಲ್ಲ.