ಮುಳ್ಳು ಎತ್ತಿದ ಮೇಲೆ

ಇಂಥ ಬರಹಗಳು ಪತ್ರಿಕೆಗಳಲ್ಲಿ ಕಂಡರೆ ನಾನು ಓದದೆ ಪುಟ ಮಗುಚುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರು ಸರಿಯಾಗಿ ನೋಡಿಲ್ಲ, ಸರಿಯಾಗಿ ಕೇಳಿಲ್ಲ ಎಂದು ನನ್ನ ಎಣಿಕೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಹಾಸ್ಟೆಲಿನಲ್ಲಿದ್ದಾಗ ಗೆಳತಿಯರು ಮಂಚದ ಮೇಲೆ ಗುಂಪಾಗಿ ಕೂತು ದೆವ್ವದ ಕತೆ ಹೇಳುತ್ತಿದ್ದರೆ, "ಆಗ ಕಿಟಕಿ ತೆರೆದಿತ್ತಾ?" ಎಂದು ಕೇಳಿ ಕತೆ ಕೆಡಿಸುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ಯಾರಾದರೂ ಅಂಥದೇ ಪ್ರಶ್ನೆ ಕೇಳಿ ಇದನ್ನು ಕೆಡಿಸಿದರೆ ನನಗೆ ದೊಡ್ಡ ಉಪಕಾರವಾದೀತು.

ಕೆಲವು ವರ್ಷಗಳ ಹಿಂದಿನ ಮಾತು. ಕೆಲಸ ಮಂಗಳೂರಿನಲ್ಲಿ, ವಾಸ ಕೇರಳ ಗಡಿಯಾಚೆ ಕುಂಜತ್ತೂರಿನಲ್ಲಿ, ಜೋಹರಕ್ಕ ಎಂಬವರ ಮನೆಯ ಮಹಡಿಯಲ್ಲಿ. ಕೆಳಗೆ ಜೋಹರಕ್ಕ ಮತ್ತು ಅವರ ಅತ್ತೆ. ಗಂಡ ಸೌದಿಯ ದಮ್ಮಾಮಿನಲ್ಲಿ. ಮಹಡಿಗೆ ಹೊರಗಿನಿಂದ ಒಂದೇ ಮೆಟ್ಟಿಲು, ಒಂದೇ ಬಾಗಿಲು. ನಾನು ಒಬ್ಬಳೇ ಇರುತ್ತೇನೆ ಎಂದಾಗ ಅಗಲ್ಪಾಡಿಯಲ್ಲಿ ನಮ್ಮ ಮನೆಯವರು ಸುಲಭವಾಗಿ ಒಪ್ಪಿರಲಿಲ್ಲ. "ಒಂದು ಮಾತು ನಮ್ಮ ಕಿವಿಗೆ ಬೀಳಲಿ, ಮರುದಿನವೇ ಸಾಮಾನು ಕಟ್ಟುವುದು" ಎಂದು ಅಣ್ಣ ಹೇಳಿಯೇ ಕಳಿಸಿದ್ದ. ಹಾಗಾಗಿ ಆ ಎರಡು ಕೋಣೆಗಳು ನನಗೆ ಬಾಡಿಗೆಯ ಮನೆಗಿಂತ ಹೆಚ್ಚಿನದಾಗಿದ್ದವು.

ಅಲ್ಲಿ ನಾನು ಯಾರಿಗೂ ಹೇಳದೆ ಜಾಝ್ ರೆಕಾರ್ಡುಗಳನ್ನು ಕೂಡಿಡುತ್ತಿದ್ದೆ. ಆ ಸಂಗೀತವನ್ನು ಮೊದಲು ಕೇಳಿದ್ದು ವಿಶ್ವವಿದ್ಯಾಲಯದ ಗ್ರಂಥಾಲಯದ ಹಳೆಯ ಕ್ಯಾಸೆಟ್ಟುಗಳಲ್ಲಿ. ಏಕೆ ಹಿಡಿಸಿತೋ ಹೇಳಲಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ದಾರಿ ಹಿಡಿದು ಹೋದಂತೆ ಕಂಡರೂ ಯಾರೂ ಲೆಕ್ಕ ತಪ್ಪುವುದಿಲ್ಲ, ಅದು ಇರಬಹುದು. ಊರಿನಲ್ಲಿ ಇದನ್ನು ಮಾತಾಡಲು ಜನ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ಗುಂಪು ಸಿಕ್ಕಿತು. ಅದರಲ್ಲಿ ನನಗೆ ಹತ್ತಿರವಾದವರು ಇಬ್ಬರು. ಒಬ್ಬರು ಕೋಲ್ಕತ್ತಾದ ನಿವೃತ್ತ ಎಂಜಿನಿಯರ್, ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದೆವು. ಇನ್ನೊಬ್ಬರು ಮಸ್ಕತ್‌ನಲ್ಲಿರುವ ವಿಲ್ಲಿ. ಮೂಲತಃ ಮಂಗಳೂರಿನವರು, ಅವರ ತಂದೆ ಬ್ಯಾಂಡಿನಲ್ಲಿ ತುತ್ತೂರಿ ನುಡಿಸುತ್ತಿದ್ದರಂತೆ. ಗುಂಪಿನಲ್ಲಿ ನನ್ನೊಡನೆ ಕನ್ನಡ ಆಡುವವರು ಅವರೊಬ್ಬರೇ. ನನಗಿಂತ ಬಹಳ ಹಿರಿಯರು, ಬಾಯಿ ಮಾತ್ರ ಹುಡುಗರದ್ದು.

ಪ್ರತಿ ಭಾನುವಾರ ಮಧ್ಯಾಹ್ನ ನಾವು ಇಂಟರ್‌ನೆಟ್ ಕರೆಯಲ್ಲಿ, ಕ್ಯಾಮೆರಾ ಇಲ್ಲದೆ, ಒಟ್ಟಿಗೆ ಕೇಳುತ್ತಿದ್ದೆವು. ಅದಕ್ಕೆ ಒಂದು ಕಟ್ಟಳೆ ಇತ್ತು. ಸರದಿ ಬಂದವರು ತಮ್ಮ ಮನೆಯಲ್ಲಿ ಒಂದು ರೆಕಾರ್ಡು ಹಾಕಬೇಕು, ಯಾರದ್ದೆಂದು ಹೇಳಬಾರದು. ಉಳಿದವರು ತಮ್ಮ ಮೈಕು ಮುಚ್ಚಿ ಕೇಳಿ, ಆಮೇಲೆ ಊಹಿಸಬೇಕು. ಇನ್ನೂ ಒಂದು ನಿಯಮವಿತ್ತು. ಪ್ಲೇಯರಿನಿಂದ ಕಂಪ್ಯೂಟರಿಗೆ ನೇರ ವಯರು ಕೊಡಬಾರದು. ರೆಕಾರ್ಡು ಸ್ಪೀಕರಿನಲ್ಲಿ ಹಾಡಬೇಕು, ಮೈಕು ಕೋಣೆಯಲ್ಲಿ ತೆರೆದಿರಬೇಕು. ವಯರಿನಲ್ಲಿ ಬರುವುದು ರೆಕಾರ್ಡು ಮಾತ್ರ, ಒಟ್ಟಿಗೆ ಕೂತು ಕೇಳಿದಂತಾಗಬೇಕಾದರೆ ಮನೆಯೂ ಕೇಳಿಸಬೇಕು ಎಂಬುದು ದಾದಾರ ವಾದ. ಹೀಗೆ ನನ್ನ ಮನೆಯ ಹತ್ತಿರದ ರೈಲಿನ ಕೂಗು, ಕಾಗೆಗಳ ಗಲಾಟೆ ಅವರಿಗೆಲ್ಲ ಪರಿಚಯವಾಗಿತ್ತು.

ಆ ಭಾನುವಾರ ಸರದಿ ನನ್ನದು. ಉಪ್ಪಳದ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕ ರೆಕಾರ್ಡೊಂದನ್ನು ಹಾಕುವುದೆಂದು ಇಟ್ಟಿದ್ದೆ. ಅದರ ನಡುವಿನ ಚೀಟಿಯನ್ನು ಯಾರೋ ಕಿತ್ತಿದ್ದರು. ಯಾರು ನುಡಿಸಿದ್ದು, ಎಲ್ಲಿ ಎಂಬುದು ನನಗೂ ತಿಳಿದಿರಲಿಲ್ಲ. ಯಾವುದೋ ಹೋಟೆಲಿನ ಬ್ಯಾಂಡ್ ಇರಬೇಕು. ಪಿಯಾನೋ, ತುತ್ತೂರಿ, ಡ್ರಮ್ಮು, ಅಷ್ಟೇ. ಹಾಡುವವರು ಇಲ್ಲ. ಮೊದಲೇ ಕೇಳಿದರೆ ಆಟದ ರುಚಿ ಹೋದೀತೆಂದು ಆರಂಭದ ತುಸು ಭಾಗ ಮಾತ್ರ ಕೇಳಿ ಎತ್ತಿಟ್ಟಿದ್ದೆ.

ಜೋಹರಕ್ಕ ಮತ್ತು ಅತ್ತೆ ಮಂಜೇಶ್ವರಕ್ಕೆ ಮದುವೆಗೆ ಹೋಗಿದ್ದರು. ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಸದ್ದು ಬೇಡವೆಂದು ಫ್ಯಾನು ನಿಲ್ಲಿಸಿ, ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ದಾದಾ ಬರೆದರು, "ಜೊತೆಯಲ್ಲಿ ಗುನುಗುವವರು ಯಾರು? ಒಳ್ಳೆಯ ಶ್ರುತಿ." ರೆಕಾರ್ಡಿನಲ್ಲೇ ಏನೋ ಕೇಳಿರಬೇಕು ಅಂದುಕೊಂಡೆ. ನನಗೆ ಕೇಳಿಸಲಿಲ್ಲ. ಇನ್ನೊಬ್ಬರೂ ಹಾಗೆಯೇ ಬರೆದರು. ವಿಲ್ಲಿ ಮೈಕು ತೆರೆದೇಬಿಟ್ಟರು.

"ಎಂತ ಮಾರಾಯ್ತಿ, ಮನೆಯಲ್ಲಿ ಗಂಡಸು ಉಂಟು ಅಂತ ಒಂದು ದಿನವಾದರೂ ಹೇಳಿದ್ದುಂಟಾ?"

"ಇಲ್ಲಿ ಯಾರೂ ಇಲ್ಲ," ಎಂದೆ. "ರೆಕಾರ್ಡಿನಲ್ಲಿ ಇರಬೇಕು."

"ರೆಕಾರ್ಡಿನದ್ದಲ್ಲ. ರೆಕಾರ್ಡಿನ ಸ್ವರ ಡಬ್ಬಿಯೊಳಗಿನದ್ದು. ಇವರು ಮೈಕಿನ ಹತ್ತಿರ ಇದ್ದಾರೆ."

ದಾದಾ ಎಂಜಿನಿಯರಿನ ಹಾಗೆಯೇ ಮಾತಾಡಿದರು. ಮುಳ್ಳು ಎತ್ತಿ ನೋಡು, ಗೊತ್ತಾಗುತ್ತದೆ ಎಂದರು. ಎತ್ತಿದೆ. ಬ್ಯಾಂಡು ನಿಂತಿತು. ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ನನ್ನ ಕೋಣೆಯಲ್ಲಿ ಒಂದು ಸಣ್ಣ ಸದ್ದೂ ಇರಲಿಲ್ಲ.

"ಈಗ?" ಎಂದೆ.

ವಿಲ್ಲಿ ಮೆಲ್ಲಗೆ ಹೇಳಿದರು, "ಇನ್ನೂ ಹಾಡ್ತಾ ಇದ್ದಾನೆ."

ಆಗ ನಾನು ಪರದೆ ನೋಡಿದೆ. ಯಾರ ಮನೆಯಿಂದ ಸದ್ದು ಬರುತ್ತದೋ ಅವರ ಹೆಸರಿನ ಸುತ್ತ ಒಂದು ಹಸಿರು ಗೆರೆ ಬೆಳಗುತ್ತದೆ. ಮಿಕ್ಕವರ ಹೆಸರುಗಳೆಲ್ಲ ಕಪ್ಪಗಿದ್ದವು. ನಾನು ತುಟಿ ಬಿಗಿದು ಕೂತಿದ್ದೆ. ನನ್ನ ಹೆಸರಿನ ಸುತ್ತ ಹಸಿರು ಗೆರೆ ಬೆಳಗುತ್ತಿತ್ತು, ಮಂಕಾಗುತ್ತಿತ್ತು, ಮತ್ತೆ ಬೆಳಗುತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿ ಮತ್ತೆ ಹಾಡುವವರ ಹಾಗೆ.

ಆ ಭಯವನ್ನು ವರ್ಣಿಸಲು ನನಗೆ ಬರುವುದಿಲ್ಲ. ಬೆನ್ನ ಹಿಂದೆ ನೋಡಲು ಕುತ್ತಿಗೆ ತಿರುಗಲಿಲ್ಲ. "ನಾನು ಒಬ್ಬಳೇ ಇದ್ದೇನೆ, ನನಗೆ ಏನೂ ಕೇಳಿಸುತ್ತಿಲ್ಲ" ಎಂದೆ. ಹಸಿರು ಗೆರೆ ಆರಿತು. ಕ್ಷಣ ಬಿಟ್ಟು ಒಮ್ಮೆ ಮಿಂಚಿ ಮತ್ತೆ ಆರಿತು. ನಾನು ಕೈ ಚಾಚಿ, ಎತ್ತಿದ್ದ ಮುಳ್ಳನ್ನು ಪುನಃ ರೆಕಾರ್ಡಿನ ಮೇಲೆ ಇಟ್ಟೆ. ಬ್ಯಾಂಡು ಶುರುವಾಯಿತು.

ವಿಲ್ಲಿಯ ಸ್ವರ ಒಮ್ಮೆಲೇ ಬದಲಾಯಿತು. ತಮಾಷೆ ಹೋಗಿತ್ತು. "ಕೇಳಿ, ನಿಮಗೆ ಮಾತಾಡ್ಲಿಕ್ಕೆ ಆಗದಿದ್ದರೆ ಬರೇ ಕೆಮ್ಮಿ. ಎದ್ದು ಹೊರಗೆ ಹೋಗ್ಲಿಕ್ಕೆ ಆಗ್ತದಾ? ಈಗಲೇ ಹೋಗಿ!"

ಕೆಮ್ಮು ಏಕೆಂದು ನನಗೆ ಅರ್ಥವಾಗಲಿಲ್ಲ. ಆದರೆ ಆ ಮಾತಿನಿಂದ ಕಾಲಿಗೆ ಜೀವ ಬಂತು. ಚಿಲಕ ತೆಗೆದು, ಚಪ್ಪಲಿಯೂ ಇಲ್ಲದೆ ಮೆಟ್ಟಿಲಿಳಿದು ಗೇಟಿನವರೆಗೆ ಓಡಿದೆ. ಅಲ್ಲಿಂದ ಮೇಲೆ ಹೋಗುವ ಮೆಟ್ಟಿಲು ಪೂರ್ತಿ ಕಾಣುತ್ತದೆ. ಜೋಹರಕ್ಕ ಬರುವವರೆಗೂ ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ಯಾರೂ ಇಳಿಯಲಿಲ್ಲ.

ಬಿಸಿಲು ಇನ್ನೂ ಇರುವಾಗಲೇ ಅವರು ಬಿರಿಯಾನಿಯ ಪೊಟ್ಟಣ ಹಿಡಿದುಕೊಂಡು ಆಟೋದಿಂದ ಇಳಿದರು. "ಎಂತ ಟೀಚರೇ, ಬಿಸಿಲಿಗೆ ಒಣಗ್ಲಿಕ್ಕೆ ನಿಂತದ್ದಾ?" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮೇಲೆ ಯಾರೋ ಇದ್ದಾರೆ ಎಂದಷ್ಟೇ ಹೇಳಿದೆ. ಅವರು ಪೊಟ್ಟಣವನ್ನು ಅತ್ತೆಯ ಕೈಗೆ ಕೊಟ್ಟು, ತೆಂಗಿನಕಾಯಿ ಒಡೆಯುವ ಕತ್ತಿ ತಂದು ಮೆಟ್ಟಿಲು ಹತ್ತಿದರು.

"ಯಾರು ಒಳಗೆ? ನೀನಾಗಿ ಇಳಿ. ನಾನು ಒಳಗೆ ಬಂದ್ರೆ ಬಂಗುಡೆ ಕೊಯ್ದ ಹಾಗೆ ಕೊಯ್ತೇನೆ!"

ಮಂಚದ ಕೆಳಗೆ, ಬಚ್ಚಲು, ಕಪಾಟು, ಎಲ್ಲ ಕಡೆ ಹುಡುಕಿದೆವು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಏನೂ ಇರಲಿಲ್ಲ. ರೆಕಾರ್ಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತಿತ್ತು. ಕಂಪ್ಯೂಟರಿನಲ್ಲಿ ಅವರೆಲ್ಲ ಕಾಯುತ್ತಿದ್ದರು. ಕ್ಷೇಮವಾಗಿದ್ದೇನೆ ಎಂದು ಹೇಳಿ ಮುಚ್ಚಿದೆ.

ಸಂಜೆ ದಾದಾ ಆ ದಿನದ ಧ್ವನಿಮುದ್ರಣ ಕಳಿಸಿದರು. ಪ್ರತಿ ವಾರ ಅವರು ಅದನ್ನು ಉಳಿಸಿಡುತ್ತಿದ್ದರು. ಜೋಹರಕ್ಕನ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಕೇಳಿದೆ. ಬ್ಯಾಂಡು ಇದೆ, ವಿಲ್ಲಿಯ ಮಾತು ಇದೆ, ನನ್ನ ಮಾತು ಇದೆ. ಮುಳ್ಳು ಎತ್ತಿದ ಮೇಲೆ ಏನೂ ಇಲ್ಲ, ಬರೀ ಮೌನ. ಎಲ್ಲರೂ ಸೇರಿ ನನ್ನನ್ನು ಆಟ ಆಡಿಸಿದರೇ ಎಂಬ ಅನುಮಾನ ಬಂದು ಒಂದು ಕ್ಷಣ ಹಾಯೆನಿಸಿತು. ಆಮೇಲೆ ಅದೇ ಭಾಗವನ್ನು ಸದ್ದಿನ ಚಿತ್ರ ತೋರಿಸುವ ತಂತ್ರಾಂಶದಲ್ಲಿ ತೆರೆದೆ. ಮೌನವಿದ್ದರೆ ಅಲ್ಲಿ ನೇರ ಗೆರೆ ಇರಬೇಕು. ಇರಲಿಲ್ಲ. ಅಲೆ ಏಳುತ್ತಿತ್ತು, ಇಳಿಯುತ್ತಿತ್ತು. ನನ್ನ ಕಣ್ಣಿಗೆ ಕಾಣುವುದು ನನ್ನ ಕಿವಿಗೆ ಕೇಳಿಸುತ್ತಿರಲಿಲ್ಲ.

ಜೋಹರಕ್ಕನನ್ನು ಕರೆದು, ಏನು ಕೇಳುತ್ತದೆ ಹೇಳಿ ಎಂದು ಹೆಡ್‌ಫೋನ್ ಕೊಟ್ಟೆ. ಅವರು ತಲೆಗೆ ಹೊದ್ದ ತಟ್ಟಮ್ಮೆಯ ಅಂಚು ಸರಿಸಿ ಕಿವಿಗಿಟ್ಟುಕೊಂಡು ತಲೆಯಾಡಿಸುತ್ತ ಕೇಳಿದರು. ಆಮೇಲೆ ತೆಗೆದು ನನ್ನನ್ನೇ ನೋಡಿದರು.

"ಸ್ವರ ಚಂದ ಉಂಟು. ಯಾರು ಟೀಚರೇ ಅದು?"

"ಯಾರೂ ಇಲ್ಲ ಜೋಹರಕ್ಕ. ನಿಜ."

"ನನ್ನ ಹತ್ರ ಎಂತಕ್ಕೆ ಅಡಗಿಸುವುದು? ನಾನು ಊರಿಡೀ ಡಂಗುರ ಹೊಡೀತೇನಾ? ನಿಮ್ಮ ಮನೆಯವರಿಗೂ ಹೇಳುವುದಿಲ್ಲ. ಆದ್ರೆ ನನ್ನ ಎದುರು ಹೀಗೆ ಸುಳ್ಳು ಹೇಳ್ಬಾರದು. ಅವ 'ಇನ್ನೊಮ್ಮೆ ಇಡು' ಹೇಳುವುದು, ನೀವು ಇಡುವುದು. ನನಗೆ ಕಿವಿ ಇಲ್ವಾ?"

ಎಲ್ಲಿ ಎಂದು ಕೇಳಿದೆ. ನನ್ನ ಸ್ವರ ನನಗೇ ದೂರದಿಂದ ಬಂದಂತಿತ್ತು. ಅವರು ಬೆರಳಿಟ್ಟು ತೋರಿಸಿದರು. ನಾನು ಒಬ್ಬಳೇ ಇದ್ದೇನೆ ಎಂದು ಹೇಳಿದ ಜಾಗದ ನಂತರ ಚಿಕ್ಕದೊಂದು ಅಲೆ. ಅದು ಮುಗಿದ ಕೂಡಲೇ ಮುಳ್ಳು ರೆಕಾರ್ಡಿಗೆ ತಾಗಿದ ಸದ್ದು.

ಮರುದಿನ ವಿಲ್ಲಿಗೆ ಕರೆ ಮಾಡಿ, ಜೋಹರಕ್ಕ ಹೇಳಿದ್ದನ್ನು ಹೇಳದೆ, ಆ ಕ್ಷಣ ನೀವು ಏಕೆ ಹಾಗೆ ಕೂಗಿದಿರಿ ಎಂದು ಮಾತ್ರ ಕೇಳಿದೆ. ಅವರು ಬಹಳ ಹಿಂಜರಿದರು.

"ಅವನು 'ಇನ್ನೊಮ್ಮೆ ಇಡು' ಅಂದ. ಗದರಿಸಿ ಅಲ್ಲ, ಮನೆಯವರಿಗೆ ಹೇಳುವ ಹಾಗೆ. ನೀವು ಒಬ್ಬಳೇ ಇದ್ದೇನೆ ಅಂತೀರಿ, ಅವನು ಹೇಳಿದ ಹಾಗೆಯೂ ಮಾಡ್ತೀರಿ. ಯಾರೋ ನಿಮ್ಮನ್ನು ಹೆದರಿಸಿ ಕೂರಿಸಿದ್ದಾನೆ ಅಂತ ಎಣಿಸಿದೆ. ಅದಕ್ಕೇ ಕೆಮ್ಮಿ ಅಂದದ್ದು." ಮತ್ತೆ ಹೇಳಿದರು. "ಇನ್ನೊಂದು. ನೀವು ಮುಳ್ಳು ಎತ್ತಿದಾಗ ಅವನು ಮುಂದೆ ಹಾಡಿದನಲ್ಲ, ಆಮೇಲೆ ಬ್ಯಾಂಡು ನುಡಿಸಿದ್ದೂ ಅದನ್ನೇ. ಆ ಹಾಡು ಅವನಿಗೆ ಮೊದಲೇ ಗೊತ್ತಿತ್ತು."

ಮಂಗಳೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಯಾವ ದೋಷವೂ ಇಲ್ಲ. ಧ್ವನಿಮುದ್ರಣವನ್ನು ಬೇರೆ ಬೇರೆ ಯಂತ್ರಗಳಲ್ಲಿ ಕೇಳಿದೆ. ನನಗೆ ಮೌನವೇ. ದಾದಾ ತಮಗೆ ತಿಳಿದ ಕಾರಣಗಳನ್ನೆಲ್ಲ ಬರೆದು ಕಳಿಸಿದರು, ಕೊನೆಯಲ್ಲಿ ಒಂದೊಂದನ್ನೂ ತಾವೇ ಹೊಡೆದುಹಾಕಿದ್ದರು. ಎಲ್ಲರೂ ಸೇರಿ ಮಾಡಿದ ತಮಾಷೆ ಎಂದುಕೊಳ್ಳೋಣವೆಂದರೆ ಜೋಹರಕ್ಕ ಅವರಲ್ಲಿ ಯಾರ ಮುಖವನ್ನೂ ಕಂಡವರಲ್ಲ.

ಜೋಹರಕ್ಕ ಕೊಟ್ಟ ಮಾತು ಉಳಿಸಿಕೊಂಡರು, ಯಾರಿಗೂ ಹೇಳಲಿಲ್ಲ. ಆದರೆ ನನ್ನನ್ನು ನಂಬಲೂ ಇಲ್ಲ. ಮೊದಲಿನಂತೆ ಮಹಡಿ ಹತ್ತಿ ಬಂದು ಮಾತಾಡುವುದನ್ನು ಬಿಟ್ಟರು. ಅದಕ್ಕೆ ನೊಂದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಕೋಣೆಯಲ್ಲಿ ಮೌನವಾದಾಗಲೆಲ್ಲ, ಇದು ನಿಜಕ್ಕೂ ಮೌನವೋ, ನನಗೆ ಮಾತ್ರವೋ ಎಂದು ತಿಳಿಯದೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಆ ತಿಂಗಳೇ ಮನೆ ಬಿಟ್ಟೆ. ಅಣ್ಣ ಕಾರಣ ಕೇಳಿದ. ಓಡಾಟ ದೂರವಾಗುತ್ತದೆ ಎಂದೆ. ಈಗ ಮಂಗಳೂರಿನಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಇದ್ದೇನೆ. ಅವರು ದಿನವಿಡೀ ಮಾತಾಡುತ್ತಾರೆ, ನಾನು ಬೇಡ ಎನ್ನುವುದಿಲ್ಲ.

ಅಲ್ಲಿ ಯಾರೋ ಇದ್ದರು ಎಂಬುದನ್ನು ಎಷ್ಟೋ ದಿನಗಳ ನಂತರ ಹೇಗಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆ. ಹೆದರಿ ಕುತ್ತಿಗೆ ತಿರುಗಿಸಲೂ ಆಗದಿದ್ದ ನಾನು ಕೈ ಚಾಚಿ ಮುಳ್ಳು ಇಟ್ಟದ್ದು ಏಕೆ? ಎಷ್ಟು ಯೋಚಿಸಿದರೂ ಕಾರಣ ಸಿಗುವುದಿಲ್ಲ. ಇಡಬೇಕು ಅನ್ನಿಸಿತು, ಇಟ್ಟೆ. ಅನ್ನಿಸಿದ್ದು ನನಗೇ ಎಂದು ಆಗ ಸ್ವಲ್ಪವೂ ಸಂಶಯವಿರಲಿಲ್ಲ.

ಆ ರೆಕಾರ್ಡನ್ನು ಒಡೆದು ಸಮುದ್ರಕ್ಕೆ ಹಾಕಿ ಎಂದು ವಿಲ್ಲಿ ಈಗಲೂ ಹೇಳುತ್ತಾರೆ. ಎರಡು ಸಲ ಉಳ್ಳಾಲದ ಕಡಲ ದಡದವರೆಗೆ ಕೊಂಡುಹೋಗಿದ್ದೆ. ಎರಡು ಸಲವೂ, ಇರಲಿ, ಇಟ್ಟುಕೊಳ್ಳುವ ಅನ್ನಿಸಿ ಮನೆಗೆ ತಂದೆ.